ಮೋಟರಿನ ಆ ತುದಿಗೆ ಕೂತವಳು

ನಿನ್ನೆ ಒಬ್ಬ ರೈತ ನನ್ನ ಮೊಮ್ಮಗಳ ಹೆಸರು ಕೇಳಿಕೊಂಡು ನಮ್ಮ ಅಂಗಡಿಗೆ ಬಂದ. ನನ್ನ ಯಜಮಾನರ ಹೆಸರಲ್ಲ, ಮಗನ ಹೆಸರಲ್ಲ, ಅವಳದೇ ಹೆಸರು. ಆ ಖುಷಿ ಎದೆಯೊಳಗೆ ನಿಲ್ಲುತ್ತಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿರುವುದು ನಾಲ್ಕನೇ ಕ್ಲಾಸಿನವರೆಗೆ. ಅಕ್ಷರ ದಪ್ಪ, ಸಾಲು ಸೊಟ್ಟ. ಆದರೆ ಆ ಹತ್ತು ದಿನದ ಒಂದೊಂದು ಸುತ್ತೂ ನೆನಪಿದೆ.

ನಮ್ಮದು ಅಜ್ಜಂಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ಲಿಗೆ ಇಳಿಸುವ ಮೋಟರ್ ಸುಟ್ಟರೆ ಅದರೊಳಗಿನ ತಂತಿಯನ್ನೆಲ್ಲ ಕಿತ್ತು ಹೊಸ ತಂತಿ ಸುತ್ತಿ ಕೊಡುತ್ತೇವೆ. ಮೋಟರಿನ ಹೊರಮೈ ಅಂದರೆ ಒಂದು ಉಕ್ಕಿನ ಕೊಳವೆ. ಅದರ ಒಳಗೋಡೆಯಲ್ಲಿ ಉದ್ದಕ್ಕೂ ಇಪ್ಪತ್ತನಾಲ್ಕು ತೂತು, ಅವಕ್ಕೆ ಸ್ಲಾಟ್ ಎನ್ನುತ್ತೇವೆ. ತಂತಿಯನ್ನು ಒಂದು ಸ್ಲಾಟಿನಲ್ಲಿ ತೂರಿಸಿ, ಆ ತುದಿಯಲ್ಲಿ ಎಳೆದು, ಇನ್ನೊಂದು ಸ್ಲಾಟಿನಲ್ಲಿ ವಾಪಸ್ ಕಳಿಸಬೇಕು. ಆಗ ಒಂದು ಸುತ್ತು. ಹೀಗಾಗಿ ಈ ಕೆಲಸಕ್ಕೆ ಇಬ್ಬರು ಬೇಕು, ಎದುರುಬದುರು ಕೂರಬೇಕು. ಮಾತಾಡುವಂತಿಲ್ಲ. ಎಣಿಕೆಯೊಂದೇ ಮಾತು, ಅದನ್ನೂ ತಂತಿ ಶುರುಮಾಡಿದ ತುದಿಯವರು ಮಾತ್ರ ಹೇಳಬೇಕು. ಎದುರಿನ ಆ ತುದಿಯವರು ಕೇಳಿಸಿಕೊಂಡು ಎಳೆಯಬೇಕು. ಇದು ಯಜಮಾನರ ಕಟ್ಟಳೆ. ಮನೆಯಲ್ಲಿ ನಮ್ಮ ಭಾಷೆ, ಅಂಗಡಿಯೊಳಗೆ ಕಾಲಿಟ್ಟರೆ ಕನ್ನಡ, ಅದೂ ಅವರದೇ ಕಟ್ಟಳೆ. ಮದುವೆಯಾಗಿ ಬಂದ ವರ್ಷದಿಂದ ಆ ತುದಿಗೆ ನಾನು ಕೂತೆ. ಊರಿನವರು ‘ಮೋಟರ್ ಸಾಬ್ರು ಕಟ್ಟಿದ್ದು, ಸುಡಲ್ಲ’ ಎನ್ನುತ್ತಿದ್ದರು. ನಾನು ಒಳಗಿನಿಂದ ಕೇಳಿಸಿಕೊಂಡು ನಗುತ್ತಿದ್ದೆ.

ಒಂಬತ್ತು ವರ್ಷದ ಹಿಂದೆ ಯಜಮಾನರು ತೀರಿಕೊಂಡ ಮೇಲೆ ಎರಡು ತುದಿಯೂ ನನ್ನದೇ ಆಯಿತು. ಈ ಕಡೆ ತೂರಿಸಿ, ಮಂಡಿ ಹಿಡಿದುಕೊಂಡು ಎದ್ದು, ಆ ಕಡೆ ಹೋಗಿ ಎಳೆದು, ಮತ್ತೆ ಈ ಕಡೆ. ಹಾಗೆ ಒಂಟಿಯಾಗಿ ಸುತ್ತುವಾಗ ನನಗೊಂದು ಅಭ್ಯಾಸ ಬಿತ್ತು. ಈ ತುದಿಗೆ ಬಂದಾಗ ಒಂದು ಎಣಿಕೆ, ಆ ತುದಿಗೆ ಹೋದಾಗ ಒಂದು ಎಣಿಕೆ. ಕೊನೆಗೆ ಅರ್ಧ ಮಾಡಿದರೆ ಸುತ್ತಿನ ಲೆಕ್ಕ ಸಿಗುತ್ತದೆ. ಯಾಕೆ ಹಾಗೆ ಎಂದು ಯಾರೂ ಕೇಳಲಿಲ್ಲ, ಕೇಳಲು ಯಾರಿದ್ದರು? ಎರಡೂ ಕಡೆಯಿಂದ ದನಿ ಬಂದರೆ ಅಂಗಡಿ ಅಷ್ಟು ಖಾಲಿ ಎನಿಸುತ್ತಿರಲಿಲ್ಲ, ಅಷ್ಟೆ.

ಮೊಮ್ಮಗಳು ಅದೇ ಅಂಗಡಿಯ ಮೂಲೆಯಲ್ಲಿ, ಅಜ್ಜಿಯಾದ ನನ್ನನ್ನು ದಾದಿ ಎನ್ನುತ್ತಾ ಬೆಳೆದವಳು. ಆಟದ ಸಾಮಾನಿಗಿಂತ ಹಳೇ ಸ್ಟಾರ್ಟರ್ ಬಿಚ್ಚಿ ಆಡಿದ್ದೇ ಹೆಚ್ಚು. ಡಿಪ್ಲೊಮಾ ಮಾಡಿದಳು. ಪಂಪಿನ ಪ್ಯಾನಲ್ ಬೋರ್ಡ್ ಕೆಟ್ಟರೆ ಅವಳ ಮೇಜಿಗೆ ಬರುತ್ತಿತ್ತು. ದಪ್ಪ ಕನ್ನಡಕ, ಬಗ್ಗಿದ ತಲೆ. ಕೇಳಿದ್ದಕ್ಕೆ ಉತ್ತರ, ಇಲ್ಲದಿದ್ದರೆ ಇಲ್ಲ. ನಾವಿಬ್ಬರೂ ಒಂದೇ ಕೋಣೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೂತಿದ್ದು, ಚಹಾ ಕುಡಿಯುವಾಗ ಮಾತ್ರ ಎರಡು ಮಾತಾಡಿದ ದಿನಗಳು ಬೇಕಾದಷ್ಟಿವೆ. ಅವಳಿಗೆ ಬೇಕಿದ್ದದ್ದು ತೋಟ ತೋಟಕ್ಕೆ ಹೋಗಿ ಪಂಪು, ಪ್ಯಾನಲ್ಲು ನೋಡುವ ಸರ್ವೀಸ್ ಕೆಲಸ. ಮೂರು ಕಡೆ ಇಂಟರ್‌ವ್ಯೂಗೆ ಹೋಗಿ ಬಂದಳು. ಮೂರು ಕಡೆಯೂ ಒಂದೇ ಮಾತು: ಹುಡುಗಿ ಬುದ್ಧಿವಂತೆ, ಮಾತೇ ಇಲ್ಲ, ಫೋನ್ ಹತ್ತಿರ ಕೂರಲಿ. ನನ್ನ ಮಗ, ಅವಳ ಅಪ್ಪ, ಅದನ್ನೇ ಒಪ್ಪಿಕೋ ಎಂದ. ಅವಳು ಇಲ್ಲ ಎಂದೂ ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಮೂಲೆಗೆ ಹೋಗಿ ಬೋರ್ಡ್ ಮುಂದೆ ಕೂತಳು.

ನಾಲ್ಕನೆಯದು ಕಡೂರಿನ ಒಬ್ಬ ಪಂಪ್ ಡೀಲರ್ ಹತ್ತಿರ. ಜೊತೆಗೆ ನಾನೂ ಹೋದೆ. ‘ನಿನ್ನ ಬಗ್ಗೆ ಹೇಳಮ್ಮ’ ಎಂದರು. ಅವಳು ಹೆಸರು ಹೇಳಿದಳು, ಊರು ಹೇಳಿದಳು, ನಿಂತುಹೋದಳು. ಮೇಜಿನ ಮೇಲೆ ಒಂದು ಬೋರ್ಡ್ ಬಿದ್ದಿತ್ತು, ಅದನ್ನೇ ನೋಡುತ್ತಿದ್ದಳು. ಡೀಲರ್ ನನ್ನ ಕಡೆ ತಿರುಗಿದರು.

“ಬೂವಮ್ಮ, ರಿಪೇರಿ ಮಾಡೋರು ನಂಗೆ ಸಿಗ್ತಾರೆ ಕಣಮ್ಮ. ರೈತ್ರ ಮುಂದೆ ನಿಂತು ಹೇಳೋರು ಸಿಗಲ್ಲ. ಈ ಓದೋ ಮಕ್ಳೆಲ್ಲ ಹಿಂಗೇ, ತಲೆ ಐತೆ, ಬಾಯಿಲ್ಲ. ಫೋನ್ ಹತ್ರ ಬೇಕಾದ್ರೆ ಕೂರ್ಲಿ.”

“ಬಾಯಿಲ್ಲ ಅಂತೀರಿ, ಫೋನ್ ಹತ್ರ ಕೂರ್ಸ್ತೀನಿ ಅಂತೀರಿ. ಅದೆಂಗೆ ಸ್ವಾಮಿ?” ಎಂದೆ.

ಅವರಿಗೆ ನಗು ಬಂತು. ನಕ್ಕವರು ಮೆತ್ತಗಾದರು. ಮೂಲೆಯಲ್ಲಿದ್ದ ಐದು ಎಚ್‌ಪಿ ಮೋಟರ್ ತೋರಿಸಿದರು. ಹಿರೇನಲ್ಲೂರಿನ ಒಬ್ಬ ರೈತರದು, ಸುಟ್ಟು ಹೋಗಿತ್ತು. ಬರುವ ವಾರ ಬುಧವಾರ ಅದೇ ತೋಟದಲ್ಲಿ ಹೊಸ ಪ್ಯಾನಲ್ ತೋರಿಸಲು ರೈತರನ್ನು ಸೇರಿಸುತ್ತೇನೆ, ಅಷ್ಟರಲ್ಲಿ ಇದನ್ನು ಕಟ್ಟಿ ತನ್ನಿ, ಹುಡುಗಿಯೇ ಓಡಿಸಬೇಕು, ಹುಡುಗಿಯೇ ರೈತರಿಗೆ ಹೇಳಬೇಕು, ಹೇಳಿದರೆ ತರೀಕೆರೆ, ಅಜ್ಜಂಪುರದ ಕಡೆಯ ಸರ್ವೀಸ್ ಅವಳಿಗೇ ಎಂದರು. ಹೇಳದಿದ್ದರೆ ಏನು ಎಂದು ನಾನು ಕೇಳಲಿಲ್ಲ. ಅದು ಸೋಮವಾರ.

ಮಗ ಸುಮ್ಮನಿರಲಿಲ್ಲ. ತರೀಕೆರೆಯಲ್ಲಿ ಇಂಟರ್‌ವ್ಯೂಗೆ ತಯಾರು ಮಾಡುವ ಒಬ್ಬ ಮೇಷ್ಟ್ರ ಹತ್ತಿರ ಮಗಳನ್ನು ಕರೆದುಕೊಂಡು ಹೋದ. ಆ ಮೇಷ್ಟ್ರು ಒಳ್ಳೆಯವರೇ. ಈಗಿನ ಕಾಲದಲ್ಲಿ ಪ್ರತಿಯೊಬ್ಬರೂ ತಮ್ಮನ್ನು ತಾವೇ ಬ್ರ್ಯಾಂಡ್ ಮಾಡಿಕೊಳ್ಳಬೇಕು ಎಂದರಂತೆ. ಬ್ರ್ಯಾಂಡ್ ಎಂದರೆ ಚಹಾಪುಡಿ ಪೊಟ್ಟಣದ ಮೇಲಿರುವುದು ಎಂದೇ ನಾನು ತಿಳಿದಿದ್ದೆ. ಕನ್ನಡಕ ತೆಗೆ, ನಗು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡು, ಕೇಳುವವನ ಕಷ್ಟದಿಂದ ಮಾತು ಶುರುಮಾಡು. ಹೀಗೆ ಎಷ್ಟೋ ಹೇಳಿ, ಬಾಯಿಪಾಠ ಮಾಡಲು ಎಂಟು ಸಾಲು ಬರೆದುಕೊಟ್ಟರು. ಫೋನಿನಲ್ಲಿ ಅವಳ ಹೆಸರಿಗೆ ‘ಮೋಟರ್ ಕ್ವೀನ್’ ಎಂದು ಒಂದು ಪುಟ ಮಾಡಿ, ಕೈಯಲ್ಲಿ ಸ್ಪ್ಯಾನರ್ ಹಿಡಿಸಿ ಫೋಟೋ ಹಾಕಿದರು. ಮಗನಿಗೆ ಬಹಳ ಹಿಡಿಸಿತು. ಅವಳು ಆ ಫೋಟೋವನ್ನು ನನಗೆ ತೋರಿಸಿ ಒಂದೇ ಮಾತು ಹೇಳಿದಳು.

“ದಾದಿ, ಆ ಸ್ಪ್ಯಾನರ್ ಸೈಕಲ್ಲಿಂದು.”

ಮೋಟರ್ ಬಿಚ್ಚಲು ಎರಡು ದಿನ ಹಿಡಿಯಿತು. ಸುಟ್ಟ ತಂತಿಯನ್ನು ಕತ್ತರಿಸಿ ಎಳೆಯುವಾಗ ಒಂದು ಕಾಯಿಲನ್ನಾದರೂ, ಅಂದರೆ ಒಂದು ಜೋಡಿ ಸ್ಲಾಟಿನ ಸುತ್ತುಗಳ ಕಂತೆಯನ್ನಾದರೂ, ಪೂರ್ತಿ ಉಳಿಸಿಕೊಳ್ಳಬೇಕು, ಅದರ ಎಳೆ ಎಣಿಸಿದರೆ ಸುತ್ತೆಷ್ಟು ಎಂದು ಗೊತ್ತಾಗುತ್ತದೆ. ಇಪ್ಪತ್ತೆಂಟು ಬಂತು. ಅವಳು ಮೈಕ್ರೋಮೀಟರ್ ಹಿಡಿದು ತಂತಿಯ ದಪ್ಪ ಅಳೆದಳು, ನಾನು ಉಗುರಿನಿಂದ ಒತ್ತಿ ಹೇಳಿದೆ. ಎರಡೂ ಒಂದೇ ಬಂತು. ಸ್ಲಾಟುಗಳನ್ನು ಬ್ರಷ್ಷಿನಿಂದ ಉಜ್ಜಿ, ಒಂದೊಂದನ್ನೂ ಟಾರ್ಚ್ ಹಿಡಿದು ನೋಡಿದೆವು. ಒಂದು ಚೂಪು ಉಳಿದರೂ ತಂತಿಯ ಮೇಲಿನ ಪ್ಲಾಸ್ಟಿಕ್ ಗೀರಿಹೋಗುತ್ತದೆ, ನೀರಿಗಿಳಿದ ದಿನವೇ ಮೋಟರ್ ಸಾಯುತ್ತದೆ.

ಗುರುವಾರ ಬೆಳಿಗ್ಗೆ ಸುತ್ತಲು ಕೂರಬೇಕು. ನನ್ನ ಮಂಡಿ ಎರಡು ಕಡೆ ಓಡಾಡುವಂತಿರಲಿಲ್ಲ. ಅವಳು ಬೋರ್ಡ್ ಪಕ್ಕಕ್ಕಿಟ್ಟು ಬಂದು ಆ ತುದಿಯ ಮಣೆಯ ಮೇಲೆ ಕೂತಳು. ಅದು ನನ್ನ ಮಣೆ. ನಾನು ಯಜಮಾನರ ಮಣೆಗೆ ಬಂದೆ. ಕೊಳವೆಯ ಒಳಗಿನಿಂದ ನೋಡಿದರೆ ಆ ತುದಿಯಲ್ಲಿ ಅವಳ ಕನ್ನಡಕ ಕಂಡಿತು. ಒಂಬತ್ತು ವರ್ಷದಿಂದ ಆ ತುದಿಯಲ್ಲಿ ಗೋಡೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಕಣ್ಣು ತುಂಬಿತು, ದೂಳು ಎಂದೆ. ಬಿಸ್ಮಿಲ್ಲಾ ಎಂದು ಮೊದಲ ತಂತಿ ತೂರಿಸಿದೆ. ಕಟ್ಟಳೆ ಹೇಳಿಕೊಟ್ಟೆ: ಈ ತುದಿಯವರು ಎಣಿಸಬೇಕು, ಆ ತುದಿಯವರು ಬಾಯಿ ಬಿಡಬಾರದು.

ಆರು ಕಾಯಿಲು ಚೆನ್ನಾಗಿ ಹೋಯಿತು. ಅವಳ ಕೈ ಹದವಾದ ಕೈ, ತಂತಿಯನ್ನು ಜಗ್ಗುವುದಿಲ್ಲ, ಕರೆದುಕೊಳ್ಳುತ್ತದೆ. ಏಳನೆಯದರಲ್ಲಿ ಹದಿನಾಲ್ಕನೇ ಸುತ್ತಿಗೆ ಫೋನು ಬಂತು. ಮೇಷ್ಟ್ರು. ಎಂಟು ಸಾಲು ಒಪ್ಪಿಸು ಎಂದರು. ಕಾಯಿಲಿನ ನಡುವೆ ಎದ್ದು ಹೋಗಬಾರದು, ಆದರೆ ಎದ್ದಳು. ಬಾಗಿಲ ಹೊರಗೆ ನಿಂತು, ಅವಳದಲ್ಲದ ದನಿಯಲ್ಲಿ, ‘ನಮಸ್ಕಾರ, ನಾನು ಹೊಸ ತಲೆಮಾರಿನ ಆತ್ಮವಿಶ್ವಾಸದ ಎಂಜಿನಿಯರ್’ ಎಂದು ಶುರುಮಾಡುತ್ತಿದ್ದಳು, ತಪ್ಪುತ್ತಿದ್ದಳು, ಮತ್ತೆ ಶುರುಮಾಡುತ್ತಿದ್ದಳು. ನಾನು ತಂತಿಯ ತುದಿ ಹಿಡಿದು ಕೂತಿದ್ದೆ. ಆ ಕಡೆಯ ಮಣೆ ಮತ್ತೆ ಖಾಲಿ. ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಅವಳು ಬಂದು ಕೂತಳು, ಹದಿನೈದು ಎಂದು ಮುಂದುವರಿಸಿದೆ. ಇಪ್ಪತ್ತೆಂಟಕ್ಕೆ ಮುಗಿಸಿದೆ. ಸ್ಲಾಟ್ ಒಂದಿಷ್ಟು ಸಡಿಲ ಎನಿಸಿತು. ಬೆಣೆ ಹೊಡೆದರೆ ಕೂತುಕೊಳ್ಳುತ್ತದೆ ಎಂದು ಮುಂದಿನದಕ್ಕೆ ಹೋದೆ.

ಶನಿವಾರ ಸುತ್ತುವುದು ಮುಗಿಯಿತು. ಭಾನುವಾರ ಜಾಯಿಂಟುಗಳಿಗೆ ಟೇಪ್ ಸುತ್ತಿ, ಮೋಟರನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ಮೆಗ್ಗರ್ ಹಚ್ಚಿದೆವು. ತಂತಿಯಿಂದ ನೀರಿಗೆ ಕರೆಂಟ್ ಸೋರುತ್ತದೆಯೇ ಎಂದು ಹೇಳುವ ಮೀಟರ್ ಅದು. ಸೋರಿಕೆ ಇಲ್ಲ. ನಾನು ಅಲ್ಲಿಗೇ ಗೆದ್ದೆವು ಎಂದುಕೊಂಡೆ. ಓಡಿಸಿದರೆ ಮೋಟರ್ ಗೊಣಗಿತು. ಅವಳು ಟಾಂಗ್ ಟೆಸ್ಟರ್ ತೆಗೆದುಕೊಂಡು, ಅದರ ಬಾಯಿಯನ್ನು ಕರೆಂಟಿನ ಮೂರು ತಂತಿಗಳಲ್ಲಿ ಒಂದೊಂದಕ್ಕೂ ಕಚ್ಚಿಸಿ, ಒಳಗೆ ಎಷ್ಟು ಕರೆಂಟ್ ಹರಿಯುತ್ತಿದೆ ಎಂದು ನೋಡಿದಳು. ಒಂದರಲ್ಲಿ ಎಂಟು ಆಂಪ್ಸ್, ಇನ್ನೊಂದರಲ್ಲಿ ಎಂಟೂವರೆ, ಮೂರನೆಯದರಲ್ಲಿ ಹನ್ನೊಂದು. ಮೂರೂ ಹೆಚ್ಚುಕಮ್ಮಿ ಒಂದೇ ಇರಬೇಕು. ಹೀಗೆ ಬಿಟ್ಟರೆ ತಿಂಗಳೊಳಗೆ ಆ ಒಂದು ಕಡೆ ಸುಟ್ಟು ಬೂದಿ. ಸ್ವಿಚ್ ಆರಿಸಿದಳು. ಉಳಿದಿದ್ದದ್ದು ಎರಡು ದಿನ.

“ಏಳನೇ ಕಾಯಿಲು, ದಾದಿ.”

ನಿನಗೆ ಹೇಗೆ ಗೊತ್ತು ಎಂದೆ.

“ಹದಿನಾಲ್ಕು ಆದ್ಮೇಲೆ ನೀವು ನನ್ ಕೈಗೆ ತಂತಿ ಬಂದಾಗ್ಲೂ ಎಣಿಸಿದ್ರಿ. ಹೋಗೋವಾಗ ಒಂದು, ಬರೋವಾಗ ಒಂದು.”

ಒಂಟಿ ಎಣಿಕೆ. ಅವಳು ಎದುರಿಗೆ ಕೂತಿದ್ದರೂ ನಾನು ಒಬ್ಬಳೇ ಇದ್ದ ಹಾಗೆ ಎಣಿಸಿದ್ದೆ. ಹದಿನಾಲ್ಕರ ಮೇಲೆ ಹದಿನಾಲ್ಕರ ಬದಲು ಏಳೇ ಸುತ್ತು. ಇಪ್ಪತ್ತೆಂಟು ಇರಬೇಕಾದ ಕಡೆ ಇಪ್ಪತ್ತೊಂದು.

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

“ಆ ತುದೀಲಿ ಕೂತೋರು ಬಾಯಿ ಬಿಡ್ಬಾರ್ದು ಅಂದಿದ್ರಲ್ಲ. ಆಮೇಲೆ, ಇಷ್ಟು ವರ್ಷ ಸುತ್ತಿರೋರು ನೀವು. ನಂದೇ ತಪ್ಪಿರ್ಬೇಕು ಅಂದ್ಕೊಂಡೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಇವಳಿಗೆ ಬಾಯಿಲ್ಲ ಎಂದವರ ಮೇಲೆಲ್ಲ ನಾನು ಸಿಟ್ಟು ಮಾಡಿಕೊಂಡಿದ್ದೆ. ಬಾಯಿಗೆ ಬೆಣೆ ಹೊಡೆದವರಲ್ಲಿ ನಾನೂ ಒಬ್ಬಳು. ಚಿಕ್ಕಂದಿನಿಂದ ‘ಎಣಿಸ್ತಾ ಇದೀನಿ, ಸುಮ್ನಿರು’ ಎಂದೇ ಬೆಳೆಸಿದ್ದೇನೆ. ನನಗೂ ಆ ತುದಿಯಲ್ಲಿ ಬಾಯಿ ಬಿಡದೆ ಆಯುಷ್ಯ ಕಳೆದುಹೋಗಿತ್ತು. ಯಜಮಾನರು ಎಣಿಕೆ ತಪ್ಪಿದ ಎರಡು ಮೂರು ಸಲ ನಾನೂ ಹೇಳಿರಲಿಲ್ಲ, ಮೋಟರ್ ವಾಪಸ್ ಬಂದಾಗ ಬೇರೆ ಕಾರಣ ಹುಡುಕಿದ್ದೆವು. ಇದನ್ನು ಅವಳಿಗೆ ಅಂದೇ ಹೇಳಿದೆ. ಯಾರಿಗೂ ಹೇಳದಿದ್ದದ್ದು.

ಆ ಕಾಯಿಲು ತೆಗೆಯಲು ಅದರ ಮೇಲೆ ಬಂದ ನಾಲ್ಕನ್ನೂ ಬಿಚ್ಚಬೇಕು. ಸೋಮವಾರ, ಮಂಗಳವಾರ ಬಿಚ್ಚಿ ಮತ್ತೆ ಸುತ್ತಿದೆವು. ಯಜಮಾನರ ಕಟ್ಟಳೆಯನ್ನು ನಾನೇ ಮುರಿದೆ: ಈ ತುದಿಗೆ ಬಂದರೆ ನಾನು ಹೇಳುವುದು, ಆ ತುದಿಗೆ ಹೋದರೆ ಅವಳೂ ಅದೇ ಅಂಕಿ ಹೇಳುವುದು, ಎರಡೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲಿಸುವುದು. ಮೊದಮೊದಲು ಅವಳ ದನಿ ಕೊಳವೆ ದಾಟಿ ಬರುತ್ತಲೇ ಇರಲಿಲ್ಲ. ಮಂಗಳವಾರ ಮಧ್ಯಾಹ್ನ ಒಂದು ಸಲ “ಇಲ್ಲ ದಾದಿ, ಹತ್ತೊಂಬತ್ತು” ಎಂದು ನನ್ನನ್ನು ತಡೆದಳು. ಅವಳೇ ಸರಿ. ಅಷ್ಟು ಸಂತೋಷ ನನಗೆ ಮಗನ ಮದುವೆಯಲ್ಲೂ ಆಗಿರಲಿಲ್ಲ. ಫೋನು ಎರಡು ಸಲ ಹೊಡೆದುಕೊಂಡಿತು, ಹೊಡೆದುಕೊಳ್ಳಲಿ ಎಂದಳು. ಸಂಜೆಗೆ ಮೂರು ತಂತಿಯಲ್ಲೂ ಎಂಟೂ ಚಿಲ್ಲರೆ. ಬಿಚ್ಚಿದ ಏಳನೇ ಕಾಯಿಲನ್ನು ಎಸೆಯಲು ಹೊರಟವಳನ್ನು ತಡೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಬುಧವಾರ ಬೆಳಿಗ್ಗೆಯೇ ಹಿರೇನಲ್ಲೂರಿನ ಬೋರಿಗೆ ಮೋಟರ್ ಇಳಿಸಿ, ಹೊಸ ಪ್ಯಾನಲ್ ಜೋಡಿಸಿ ಆಗಿತ್ತು, ಹನ್ನೊಂದಕ್ಕೆ ತ್ರೀಫೇಸ್ ಕರೆಂಟ್ ಬರುವುದಿತ್ತು. ತೆಂಗಿನ ತೋಟದ ಸಿಮೆಂಟ್ ತೊಟ್ಟಿಯ ಸುತ್ತ ಇಪ್ಪತ್ತು ಇಪ್ಪತ್ತೈದು ಜನ ರೈತರು. ಡೀಲರ್ ಒಂದು ಕುರ್ಚಿಯಲ್ಲಿ. ಮಗ ಫೋನ್ ಹಿಡಿದು ವಿಡಿಯೋಗೆ ತಯಾರು. ಅವಳು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತಳು. ಕನ್ನಡಕ ಇಲ್ಲದೆ ಅವಳಿಗೆ ಎದುರಿನವರ ಮುಖ ಮಬ್ಬು. ನಮಸ್ಕಾರ, ನಾನು ಹೊಸ ತಲೆಮಾರಿನ ಎಂದು ಶುರುಮಾಡಿದಳು. ಯಾರೋ ಕಿಸಕ್ಕೆಂದರು. ಮೋಟರಿನ ಯಜಮಾನ, ಆ ತೋಟದ ರೈತ, ಮೆಲ್ಲಗೆ ಹೇಳಿದ.

“ಏನವ್ವ, ಟೀವಿಯೋರ ಥರ ಮಾತಾಡ್ತೀಯಲ್ಲ. ನನ್ ಮೋಟರ್ ಓಡ್ತದಾ ಇಲ್ವಾ, ಅದ್ ಹೇಳು.”

ಎಲ್ಲರೂ ನಕ್ಕರು. ಅವಳು ನಿಂತುಹೋದಳು. ಕಡೂರಿನಲ್ಲಿ ನಿಂತ ಹಾಗೇ. ಇಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ಯಾರೂ ನಿಂತದ್ದನ್ನು ನಾನು ನೋಡಿಲ್ಲ. ಡೀಲರ್ ಕುರ್ಚಿಯಿಂದ ಏಳುತ್ತಿದ್ದರು. ಅವರು ಎದ್ದರೆ ಮುಗಿಯಿತು, ಆಮೇಲೆ ಫೋನಿನ ಹತ್ತಿರದ ಕುರ್ಚಿಯೇ ಗತಿ. ನಾನು ಚೀಲದಿಂದ ಏಳನೇ ಕಾಯಿಲು ತೆಗೆದು ಅವಳ ಕೈಗಿಟ್ಟೆ. ಇದಕ್ಕೆ ಏನಾಗಿತ್ತು ಹೇಳು ಎಂದೆ.

ಅವಳು ಕನ್ನಡಕ ಹಾಕಿಕೊಂಡಳು. ಜನರನ್ನು ನೋಡಲಿಲ್ಲ, ಕಾಯಿಲನ್ನು ನೋಡಿ ಹೇಳಿದಳು.

“ಇದ್ರಲ್ಲಿ ಇಪ್ಪತ್ತೆಂಟು ಸುತ್ತು ಇರ್ಬೇಕಿತ್ತು. ಇಪ್ಪತ್ತೊಂದಿದೆ. ಹಿಂಗೇ ನಿಮ್ಗೆ ಕೊಟ್ಟಿದ್ರೆ ಒಂದು ತಿಂಗ್ಳು ಓಡ್ತಿತ್ತು, ಆಮೇಲೆ ಸುಡ್ತಿತ್ತು. ನೀವು ವೋಲ್ಟೇಜ್‌ನ ಬೈತಿದ್ರಿ.”

ನಗು ನಿಂತಿತು. ಹಿಂದಿನಿಂದ ಒಬ್ಬರು, ಯಾರು ಸುತ್ತಿದ್ದು ಅದು ಎಂದು ಕೇಳಿದರು. ಅವಳು ಬಾಯಿ ಮುಚ್ಚಿದಳು. ಯಾಕೆ ಎಂದು ನನಗೆ ಗೊತ್ತು. ಮೋಟರ್ ಸಾಬರ ಅಂಗಡಿಯ ಹೆಸರು ಅವಳ ನಾಲಿಗೆಯ ಮೇಲೆ ಕೂತಿತ್ತು.

“ನಾನು,” ಎಂದೆ.

“ಸಾಬ್ರ ಅಂಗ್ಡೀಲಿ ಇಂಗೆ ಆಗಲ್ವಲ್ಲ ಬೂವಮ್ಮ?”

“ಆಯ್ತದೆ ಕಣಪ್ಪ. ಸಾಬ್ರು ಆ ಕಡೆ ಕೂತ್ರೆ ಈ ಕಡೆ ನಾನೇ ಕೂರ್ತಿದ್ದಿದ್ದು. ನಿಮ್ಮಪ್ಪನ ಮೋಟ್ರೂ ನನ್ ಕೈಯಲ್ಲೇ ಹಾದು ಹೋಗಿದ್ದು. ಈ ಸಲ ನಾನು ತಪ್ಪಿದೆ, ಈ ಮಗು ಹಿಡೀತು.”

ಅಷ್ಟರಲ್ಲಿ ಕರೆಂಟ್ ಬಂತು. ಮೊಮ್ಮಗಳು ಸ್ಟಾರ್ಟರ್ ಒತ್ತಿದಳು, ತೊಟ್ಟಿಗೆ ನೀರು ಬಿತ್ತು. ಅವಳು ನೀರು ತೋರಿಸಲಿಲ್ಲ. ಟಾಂಗ್ ಟೆಸ್ಟರನ್ನು ತೋಟದ ರೈತನ ಕೈಗೇ ಕೊಟ್ಟು, ನೀವೇ ನೋಡಿ ಎಂದಳು. ಆತ ಮೂರು ತಂತಿಗೂ ಹಚ್ಚಿ ಗಟ್ಟಿಯಾಗಿ ಓದಿದ. ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಪಕ್ಕದ ತೋಟದವನೊಬ್ಬ ತನ್ನ ಮೋಟರ್ ಮೇಲಿಂದ ಮೇಲೆ ಟ್ರಿಪ್ ಆಗಿ ನಿಂತುಹೋಗುತ್ತದೆ ಎಂದ. ಅವಳು ನಾಲ್ಕು ಪ್ರಶ್ನೆ ಕೇಳಿದಳು. ಎಷ್ಟು ಹೊತ್ತಿಗೆ, ಸ್ಟಾರ್ಟರ್ ಬಿಸಿಯೋ ತಂತಿ ಬಿಸಿಯೋ, ಯಾವ ತಂತಿ, ಸುಟ್ಟ ವಾಸನೆ ಎಲ್ಲಿಂದ. ಮೋಟರ್ ಮೇಲೆತ್ತಬೇಡಿ, ಅದರಲ್ಲಿ ಏನೂ ಇಲ್ಲ, ಕಂಬದಿಂದ ಬರುವ ತಂತಿಯ ಜಾಯಿಂಟು ಸಡಿಲ ಇರಬೇಕು ಎಂದಳು. ಆತ ನಂಬಲಿಲ್ಲ. ಎಲ್ಲರೂ ಬೇಲಿ ದಾಟಿ ಅಲ್ಲಿಗೆ ಹೋದರು. ಮೇನ್ ಆರಿಸಿ ಪೆಟ್ಟಿಗೆ ತೆಗೆದರೆ ಜಾಯಿಂಟು ಕಪ್ಪಗೆ ಕರಕಲಾಗಿತ್ತು. ಕತ್ತರಿಸಿ ಹೊಸದಾಗಿ ಕಟ್ಟಿಕೊಟ್ಟಳು. ಮೇಷ್ಟ್ರು ಹೇಳಿದ್ದರಲ್ಲ, ಕೇಳುವವನ ಕಷ್ಟದಿಂದ ಮಾತು ಶುರುಮಾಡು ಎಂದು. ಆ ಒಂದು ಮಾತು ಸರಿಯಾಗಿತ್ತು, ಅವರು ಬರೆದುಕೊಟ್ಟ ಎಂಟು ಸಾಲಿನಲ್ಲಿ ಅದೊಂದೇ ಇರಲಿಲ್ಲ.

ವಾಪಸ್ ಹೊರಡುವಾಗ ಡೀಲರ್ ಅವಳನ್ನೇ ಕೇಳಿದರು, ನಿನ್ನ ಸರ್ವೀಸ್ ಕಾರ್ಡಿನಲ್ಲಿ ಏನೆಂದು ಹಾಕಿಸಲಿ, ಮೋಟರ್ ಕ್ವೀನ್ ಎಂದೇ ಹಾಕಿಸಲೋ ಎಂದು. ಹೆಸರು, ನಂಬರು ಸಾಕು ಎಂದಳು. ಸ್ವಲ್ಪ ಯೋಚಿಸಿ, ಟ್ರಿಪ್ ಆದರೆ ಮೋಟರ್ ಎತ್ತುವ ಮೊದಲು ಫೋನ್ ಮಾಡಿ, ಎಂದು ಕೆಳಗೊಂದು ಸಾಲು ಹಾಕಿಸಿ ಎಂದಳು. ಅದಾದ ಮೇಲೆ ಬೀರೂರು ದಾಟುವವರೆಗೂ ಒಂದು ಮಾತೂ ಆಡಲಿಲ್ಲ. ನಾನೂ ಆಡಿಸಲಿಲ್ಲ.

ಈಗ ಅವಳು ಬೆಳಿಗ್ಗೆ ಸ್ಕೂಟರ್ ಹತ್ತಿದರೆ ಲಕ್ಕವಳ್ಳಿಯೋ, ತರೀಕೆರೆಯೋ, ಯಾವ ತೋಟದಲ್ಲಿರುತ್ತಾಳೋ ಗೊತ್ತಿಲ್ಲ. ಮೂಲೆಯ ಮೇಜು ಖಾಲಿ. ನಾನು ಮತ್ತೆ ಎರಡು ಮಣೆಯ ನಡುವೆ ಓಡಾಡುತ್ತೇನೆ. ಭಾನುವಾರ ಮಾತ್ರ ಅವಳು ಆ ತುದಿಗೆ ಕೂರುತ್ತಾಳೆ, ಅದಕ್ಕೇ ದೊಡ್ಡ ಕಾಯಿಲುಗಳನ್ನು ಭಾನುವಾರಕ್ಕೆ ಉಳಿಸಿಕೊಳ್ಳುತ್ತೇನೆ.

ನಿನ್ನೆ ಬಂದ ರೈತ ಅವಳ ಹೆಸರು ಹೇಳಿ, ಇದಾರಾ ಎಂದು ಕೇಳಿದ. ತೋಟದ ಕಡೆ ಹೋಗಿದ್ದಾಳೆ, ಕೂತುಕೊಳ್ಳಿ ಎಂದೆ. ಆತ ಅಂಗಡಿಯ ಹೆಸರಿನ ಬೋರ್ಡ್ ನೋಡಿದ, ನನ್ನ ಕೈಯಲ್ಲಿದ್ದ ತಂತಿ ನೋಡಿದ.

“ತಾವು ಅವ್ರಿಗೆ ಏನಾಗ್ಬೇಕಮ್ಮ?”

“ನಾನು ಅವಳಿಗೆ ಎದುರುಗಡೆ ಕೂರೋಳು ಕಣಪ್ಪ,” ಎಂದೆ.

ಆತನಿಗೆ ಅರ್ಥವಾಗಲಿಲ್ಲ. ಮೂಲೆಯ ಮೇಜಿನ ಹತ್ತಿರ ಜಾಗ ಖಾಲಿ ಇತ್ತು, ಕೂತ. ನಾನು ತಂತಿ ತೂರಿಸಿದೆ, ಎದ್ದು ಆ ಕಡೆ ಹೋಗಿ ಎಳೆದೆ. ಈ ತುದಿಯಲ್ಲಿ ಮಾತ್ರ ಎಣಿಸಿದೆ. ಆ ತುದಿಯಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಅಲ್ಲಿ ಎಣಿಸುವವಳು ಭಾನುವಾರ ಬರುತ್ತಾಳೆ.